ಮೂಸಿಯ ಮಹಾಪೂರವೂ ಶ್ರೀ ವಿಶ್ವೇಶ್ವರಯ್ಯನವರೂ

ಗಂಡಿಪೇಟೆಯ ಜಲಾಶಯವನ್ನು ನೋಡದ ವಿದ್ಯಾರ್ಥಿಗಳು ನಮ್ಮ ಶಾಲೆಯಲ್ಲಿ ವಿರಳವೆಂದೇ ಹೇಳಬೇಕು. ರಜಾದಿನಗಳಲ್ಲಿ ತಂದೆತಾಯಿಗಳೊಡನೆ ಬುತ್ತಿ ಕಟ್ಟಿಕೊಂಡು ಹೋಗಿ, ಅಲ್ಲಿಯ ವಿಶಾಲವಾದ ನೀರನ್ನು ನೋಡಿ ಸಂತೋಷಪಟ್ಟು ಬರುವವರು ಅನೇಕರು. ಆದರೆ ಆ ನೀರು ಅಲ್ಲಿ ಏಕೆ ನಿಂತಿದೆ, ಅದನ್ನು ಅಲ್ಲಿ ನಿಲ್ಲಿಸಬೇಕೆಂದು ಯೋಚಿಸಿದವರು ಯಾರು ಎಂಬುದನ್ನು ಕೇಳಿ ತಿಳಿದವರು ಅಷ್ಟು ಮಂದಿ ಇರಲಾರರು. ಈ ನಗರವನ್ನು ಮಹಾಪೂರದಿಂದ ಕಾಪಾಡುವ ಯೋಜನೆಯನ್ನು ಹಾಕಿಕೊಟ್ಟವರು ಒಬ್ಬ ಕನ್ನಡಿಗರು. ಅವರೇ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಕನ್ನಂಬಾಡಿಯ ಕಟ್ಟೆಯಿಂದಾಗಿ ಅವರ ಹೆಸರು ಕರ್ನಾಟಕದ ಮನೆಮನೆಯಲ್ಲಿಯೂ ಪರಿಚಿತವಾಗಿದೆ. ಆದರೆ ಕನ್ನಂಬಾಡಿಗಿಂತ ಮೊದಲೇ ಅವರು ಹೈದರಾಬಾದಿಗೆ ಬಂದು, ಏಳು ತಿಂಗಳ ಕಾಲ ಇಲ್ಲಿ ದುಡಿದರು. ಆ ಏಳು ತಿಂಗಳ ಕಥೆಯನ್ನು ಮುಖ್ಯವಾಗಿಟ್ಟುಕೊಂಡು ಅವರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಲಾಗುವುದು.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಸಮೀಪದಲ್ಲಿರುವ ಮುದ್ದೇನಹಳ್ಳಿ ಎಂಬ ಸಣ್ಣ ಗ್ರಾಮದಲ್ಲಿ. ಅವರ ಪೂರ್ವಿಕರು ಈಗಿನ ಆಂಧ್ರಪ್ರದೇಶದಲ್ಲಿರುವ ಮೋಕ್ಷಗುಂಡಂ ಎಂಬ ಊರಿನಿಂದ ಮೈಸೂರು ಸೀಮೆಗೆ ವಲಸೆ ಬಂದವರು. ಆ ಊರಿನ ಹೆಸರೇ ಅವರ ಮನೆತನದ ಹೆಸರಾಗಿ ಉಳಿಯಿತು. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ವಿದ್ಯೆಗೆ ಕೊರತೆಯಿಲ್ಲದ, ಆದರೆ ಹಣಕ್ಕೆ ಕೊರತೆಯಿದ್ದ ಸಂಸಾರ ಅದು. ಹುಡುಗನು ಇನ್ನೂ ಓದುತ್ತಿರುವಾಗಲೇ ತಂದೆಯವರು ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಪ್ರಾರಂಭದ ವಿದ್ಯಾಭ್ಯಾಸವನ್ನು ಮುಗಿಸಿ, ಬೆಂಗಳೂರಿನಲ್ಲಿದ್ದ ಸೋದರಮಾವನವರ ಆಶ್ರಯಕ್ಕೆ ಬಂದ ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಕಾಲೇಜಿನ ಖರ್ಚಿಗಾಗಿ ಕೊಡಗಿನವರೊಬ್ಬರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದರು. ತಾನು ಓದುವುದರ ಜೊತೆಗೆ ಇನ್ನೊಬ್ಬರಿಗೆ ಓದಿಸಿ ಬದುಕುವುದೆಂದರೆ ಸುಲಭದ ಮಾತಲ್ಲ. ಕಾಲಕ್ಕೆ ಸರಿಯಾಗಿ ಕೆಲಸ ಮಾಡುವ ಅಭ್ಯಾಸ ಅವರಿಗೆ ಆ ದಿನಗಳಲ್ಲಿಯೇ ಬಂದಿತೆಂದು ತಿಳಿಯಬಹುದು.

ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಅವರು ಪುಣೆಗೆ ಹೋಗಿ ಎಂಜಿನಿಯರಿಂಗ್ ಶಾಸ್ತ್ರವನ್ನು ಅಭ್ಯಾಸ ಮಾಡಿದರು. 1883ರಲ್ಲಿ ನಡೆದ ಪರೀಕ್ಷೆಯಲ್ಲಿ ಮುಂಬಯಿ ಪ್ರಾಂತಕ್ಕೇ ಪ್ರಥಮರಾಗಿ ತೇರ್ಗಡೆಯಾದರು. ಮರುವರ್ಷ, ಅಂದರೆ 1884ರಲ್ಲಿ, ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರರಾಗಿ ನೇಮಕಗೊಂಡರು. ಅಲ್ಲಿ ಅವರು ಕೈಹಾಕಿದ ಕೆಲಸಗಳಲ್ಲಿ ಮುಖ್ಯವಾದ ಹಲವು ನೀರಿಗೆ ಸಂಬಂಧಪಟ್ಟವು. ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಸಿಂಧೂ ನದಿಯಿಂದ ಕುಡಿಯುವ ನೀರನ್ನು ಒದಗಿಸಿದರು. ಪುಣೆಯ ಹತ್ತಿರದ ಖಡಕ್‌ವಾಸಲಾ ಜಲಾಶಯಕ್ಕೆ ತಾವೇ ಆಲೋಚಿಸಿ ಹೊಸ ಬಗೆಯ ಬಾಗಿಲುಗಳನ್ನು ಮಾಡಿಸಿದರು. ನೀರು ಒಂದು ಮಟ್ಟಕ್ಕೆ ಏರಿದ ಕೂಡಲೇ ಆ ಬಾಗಿಲುಗಳು ಯಾರ ಸಹಾಯವೂ ಇಲ್ಲದೆ ತೆರೆದುಕೊಳ್ಳುತ್ತಿದ್ದವು. ಪ್ರವಾಹವಿಳಿದೊಡನೆ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಇದರಿಂದ ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಶೇಖರಿಸಲು ಸಾಧ್ಯವಾಯಿತು. ಈ ಉಪಾಯದ ಹಕ್ಕು ಅವರ ಹೆಸರಿನಲ್ಲಿದ್ದರೂ, ತಾವು ನೌಕರಿಯಲ್ಲಿದ್ದ ಸರ್ಕಾರದಿಂದ ಅದಕ್ಕಾಗಿ ಹಣ ಪಡೆಯಲು ಅವರು ಒಪ್ಪಲಿಲ್ಲ. 1908ರಲ್ಲಿ ಅವರು ಮುಂಬಯಿ ಸರ್ಕಾರದ ಕೆಲಸವನ್ನು ಬಿಟ್ಟು, ಹೊರದೇಶಗಳ ಪ್ರವಾಸಕ್ಕೆ ಹೊರಟರು.

ಅದೇ ವರ್ಷದಲ್ಲಿಯೇ ಹೈದರಾಬಾದಿನ ಮೇಲೆ ಮಹಾ ವಿಪತ್ತೊಂದು ಬಂದೆರಗಿತು.

ಈ ವಿಪತ್ತನ್ನು ಅರಿತುಕೊಳ್ಳಬೇಕಾದರೆ ಮೊದಲು ಮೂಸಿ ನದಿಯ ವಿಷಯವನ್ನೂ ಕೆರೆಗಳ ವಿಷಯವನ್ನೂ ಸ್ವಲ್ಪ ತಿಳಿಯಬೇಕು. ಮೂಸಿಯು ನಗರದ ಪಶ್ಚಿಮಕ್ಕಿರುವ ವಿಕಾರಾಬಾದಿನ ಬಳಿಯ ಅನಂತಗಿರಿ ಬೆಟ್ಟಗಳಲ್ಲಿ ಹುಟ್ಟುತ್ತದೆ. ಈಸಿ ಎಂಬ ಇನ್ನೊಂದು ನದಿಯು ನಗರಕ್ಕೆ ಸ್ವಲ್ಪ ಮೇಲ್ಗಡೆಯಲ್ಲಿ ಮೂಸಿಯನ್ನು ಸೇರುತ್ತದೆ. ಈ ಎರಡು ನದಿಗಳಿಗೆ ನೀರು ಹರಿದು ಬರುವ ಪ್ರದೇಶದಲ್ಲಿ ಹಿಂದಿನವರು ಕಟ್ಟಿದ ಕೆರೆಗಳು ಲೆಕ್ಕವಿಲ್ಲದಷ್ಟಿದ್ದವು ಎನ್ನುವುದು ವಾಡಿಕೆ. ಆದರೆ ಲೆಕ್ಕ ಹಾಕಿದಾಗ ಅವು 788 ಎಂದು ತಿಳಿದುಬಂದಿತು. ಒಂದು ಚದರ ಮೈಲಿಗೆ ಹೆಚ್ಚುಕಡಿಮೆ ಒಂದು ಕೆರೆಯಂತೆ ಆಯಿತು.

ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳಿಂದ ಈ ನಗರಕ್ಕೆ ಬಂದ ನಮ್ಮ ಮನೆಗಳ ಹಿರಿಯರಿಗೆ ಕೆರೆಯೆಂದರೆ ಏನೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ನಗರದಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗಾಗಿ ಇಲ್ಲಿ ಎರಡು ಮಾತು ಹೇಳುತ್ತೇನೆ. ಇಳಿಜಾರಾದ ನೆಲದಲ್ಲಿ ಹರಿದು ಬರುವ ಹಳ್ಳಕ್ಕೆ ಅಡ್ಡಲಾಗಿ ಮಣ್ಣನ್ನು ಹೇರಿ ಗಟ್ಟಿಸಿ ಕಟ್ಟಿದ ಒಡ್ಡಿಗೆ ಏರಿ ಎಂದು ಹೆಸರು. ಏರಿಯ ಬುಡವು ಅಗಲವಾಗಿದ್ದು ನೆತ್ತಿಯು ಕಿರಿದಾಗಿರುತ್ತದೆ. ಅಲೆಗಳ ಹೊಡೆತಕ್ಕೆ ಮಣ್ಣು ಕರಗದಿರಲೆಂದು ನೀರಿನ ಕಡೆಯ ಮೈಗೆ ಕಲ್ಲುಗಳನ್ನು ಹೊಂದಿಸಿರುತ್ತಾರೆ. ಗದ್ದೆಗಳಿಗೆ ಬೇಕಾದಷ್ಟು ನೀರನ್ನು ಬಿಡುವುದಕ್ಕೆ ತೂಬು ಇರುತ್ತದೆ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹೋಗುವುದಕ್ಕೆ ಏರಿಯ ಒಂದು ಕೊನೆಯಲ್ಲಿ ಕಲ್ಲಿನಿಂದ ಕಟ್ಟಿದ ಕೋಡಿ ಇರುತ್ತದೆ. ನಮ್ಮ ಹುಸೇನ್ ಸಾಗರವೂ ಇಂಥದೊಂದು ಕೆರೆಯೇ. ಕುತುಬ್‌ಶಾಹಿಗಳ ಕಾಲದಲ್ಲಿ, ಹದಿನಾರನೆಯ ಶತಮಾನದಲ್ಲಿ ಕಟ್ಟಿದ ಅದರ ಏರಿಯ ಮೇಲೆಯೇ ಇಂದು ಟ್ಯಾಂಕ್ ಬಂಡ್ ರಸ್ತೆ ಇದೆ.

ಏರಿಯು ಮಣ್ಣಿನದಾದರೂ ಅದಕ್ಕೆ ಬಲವಿಲ್ಲವೆಂದು ತಿಳಿಯಬಾರದು. ತನ್ನ ಹಿಂದೆ ನಿಂತ ನೀರಿನ ಭಾರವನ್ನು ಅದು ನೂರಾರು ವರ್ಷ ತಡೆದುಕೊಂಡು ನಿಲ್ಲಬಲ್ಲದು. ಆದರೆ ನೆತ್ತಿಯ ಮೇಲೆ ನೀರು ಹರಿಯುವುದನ್ನು ಮಾತ್ರ ಅದು ತಾಳಲಾರದು. ಕೋಡಿಯು ಕಿರಿದಾಗಿದ್ದರೆ ಅಥವಾ ಹೂಳಿನಿಂದ ಮುಚ್ಚಿಹೋಗಿದ್ದರೆ, ಹೆಚ್ಚಾದ ನೀರಿಗೆ ದಾರಿ ಸಿಕ್ಕದೆ ಅದು ಏರಿಯ ಮೇಲಕ್ಕೆ ಬರುತ್ತದೆ. ಹಿಂಬದಿಯ ಇಳಿಜಾರಿನಲ್ಲಿ ಹರಿಯುವ ನೀರು ಮಣ್ಣನ್ನು ಕೊಚ್ಚತೊಡಗುತ್ತದೆ. ಮೊದಲು ಬೆರಳಗಲದ ಕಾಲುವೆ, ಸ್ವಲ್ಪ ಹೊತ್ತಿನಲ್ಲಿ ಮಾರಗಲ, ಅನಂತರ ಏರಿಯೇ ಬಾಯ್ದೆರೆದು ಕೆರೆಯ ನೀರೆಲ್ಲವೂ ಒಮ್ಮೆಗೇ ಹೊರಬೀಳುತ್ತದೆ. ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ದಕ್ಷಿಣ ದೇಶದಲ್ಲಿ ಕೆರೆಗಳು ಹೆಚ್ಚಾಗಿ ಒಂದರ ಕೆಳಗೊಂದರಂತೆ ಸಾಲಾಗಿವೆ. ಮೇಲಿನ ಕೆರೆಯ ಕೋಡಿಯ ನೀರೇ ಕೆಳಗಿನ ಕೆರೆಗೆ ಆಧಾರ. ಮಳೆ ಹಿತವಾಗಿದ್ದಾಗ ಈ ಏರ್ಪಾಡಿಗೆ ಸಮಾನವಾದುದಿಲ್ಲ. ಒಂದು ಹನಿಯೂ ವ್ಯರ್ಥವಾಗುವುದಿಲ್ಲ. ಆದರೆ ಮೇಲಿನ ಏರಿ ಒಡೆದಾಗ ಕೆಳಗಿನ ಕೆರೆಗೆ ಮಳೆಯ ನೀರಿನ ಜೊತೆಗೆ ಒಂದು ಕೆರೆಯ ನೀರು ಬಂದು ಬೀಳುತ್ತದೆ. ಅದು ಒಡೆದರೆ ಮುಂದಿನ ಕೆರೆಗೆ ಎರಡು ಕೆರೆಗಳ ನೀರು. ಹೀಗೆ ಸಾಲಿಗೆ ಸಾಲೇ ಕೆಡುತ್ತದೆ.

1908ನೆಯ ಸೆಪ್ಟೆಂಬರ್ ಕೊನೆಯಲ್ಲಿ ಸಂಭವಿಸಿದುದು ಇದೇ. ಮೂಸಿಯ ಮೇಲ್ಭಾಗದಲ್ಲಿ ಎಡೆಬಿಡದೆ ಮಳೆ ಸುರಿಯಿತು. ಶಂಷಾಬಾದಿನಲ್ಲಿ ಒಂದು ಹಗಲು ಒಂದು ರಾತ್ರಿಯಲ್ಲಿ 12.8 ಅಂಗುಲ, ಎರಡು ದಿನಗಳಲ್ಲಿ ಒಟ್ಟು 18.9 ಅಂಗುಲ ಮಳೆಯಾಯಿತು. ಈಗಿನ ಅಳತೆಯಲ್ಲಿ ಹೇಳುವುದಾದರೆ ಎರಡು ದಿನಗಳ ಮಳೆ ಸುಮಾರು 480 ಮಿಲಿಮೀಟರು. ಆ 788 ಕೆರೆಗಳ ಪೈಕಿ 221 ಕೆರೆಗಳ ಏರಿಗಳು ಒಡೆದುಹೋದವು. ಮಳೆಯ ನೀರೂ ಕೆರೆಗಳ ನೀರೂ ಕೂಡಿ ಸೆಪ್ಟೆಂಬರ್ 28ರಂದು ನಗರವನ್ನು ನುಗ್ಗಿತು. ಪ್ರವಾಹವು ತುಟ್ಟತುದಿಯಲ್ಲಿದ್ದಾಗ ಸೆಕೆಂಡಿಗೆ 4,25,000 ಘನ ಅಡಿ ನೀರು ಹರಿಯಿತೆಂದು ಅನಂತರ ಲೆಕ್ಕ ಹಾಕಲಾಯಿತು. ಅಫ್ಜಲ್‌ಗಂಜ್, ಕೋಲ್ಸಾವಾಡಿ ಮುಂತಾದ ಕಿಕ್ಕಿರಿದ ಮೊಹಲ್ಲಾಗಳು ನೀರಿನಲ್ಲಿ ಮುಳುಗಿದವು. ಮಣ್ಣಿನ ಗೋಡೆಯ ಮನೆಗಳು ಕರಗಿ ಕುಸಿದವು. ಸಾವಿರಾರು ಮನೆಗಳು ನಾಶವಾದವು. ಸುಮಾರು 15,000 ಮಂದಿ ಪ್ರಾಣ ಕಳೆದುಕೊಂಡರೆಂದು ಅಂದಾಜು. ಅಫ್ಜಲ್‌ಗಂಜಿನ ಆಸ್ಪತ್ರೆಯ ಆವರಣದಲ್ಲಿದ್ದ ಒಂದು ಹುಣಿಸೆಯ ಮರವನ್ನು ಹತ್ತಿ ಸುಮಾರು ನೂರೈವತ್ತು ಮಂದಿ ಬದುಕಿದರೆಂದು ಹೇಳುವರು. ಆ ಮರವನ್ನು ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಕಾಣಬಹುದು.

ಆಗ ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲೀ ಖಾನರು ರಾಜ್ಯವಾಳುತ್ತಿದ್ದರು. ಇಂಥ ಅನಾಹುತವು ಮತ್ತೆ ಸಂಭವಿಸದಂತೆ ಉಪಾಯ ಹೇಳಬಲ್ಲ ಎಂಜಿನಿಯರೊಬ್ಬರು ಅವರ ಸರ್ಕಾರಕ್ಕೆ ಬೇಕಾಯಿತು. ಯೂರೋಪಿನಲ್ಲಿ ಪ್ರವಾಸ ಮಾಡುತ್ತಿದ್ದ ವಿಶ್ವೇಶ್ವರಯ್ಯನವರಿಗೆ ಕರೆ ಹೋಯಿತು. ಅವರು ತಮ್ಮ ಪ್ರವಾಸವನ್ನು ಮುಗಿಸಿಕೊಂಡು ಬಂದು, 1909ರ ಏಪ್ರಿಲ್ 15ರಂದು ಹೈದರಾಬಾದಿನಲ್ಲಿ ಕೆಲಸವನ್ನು ವಹಿಸಿಕೊಂಡರು. ಬೇಸಗೆ ಕಠಿನವಾಗಿದ್ದ ಕಾಲ. ಮುಂದಿನ ಮಳೆಗಾಲಕ್ಕೆ ಎರಡು ತಿಂಗಳೂ ಉಳಿದಿರಲಿಲ್ಲ. ನದಿಯ ದಂಡೆಯ ಜನರು ಮೋಡವನ್ನು ಕಂಡರೇ ಬೆದರುತ್ತಿದ್ದಿರಬೇಕು.

ಇಂಥ ಸಮಯದಲ್ಲಿ ಯಾರಿಗಾದರೂ ಮೊದಲು ತೋಚುವ ಉಪಾಯವೆಂದರೆ ನಗರದೊಳಗೆ ನದಿಯ ಎರಡು ದಂಡೆಗಳಿಗೂ ಎತ್ತರವಾದ ಗೋಡೆಯನ್ನು ಕಟ್ಟುವುದು. ವಿಶ್ವೇಶ್ವರಯ್ಯನವರು ಯಾವ ಉಪಾಯವನ್ನೂ ಹೇಳುವುದಕ್ಕೆ ಮುಂಚೆ ಲೆಕ್ಕಗಳನ್ನು ಸಂಗ್ರಹಿಸತೊಡಗಿದರು. ನದಿಗಳ ಜಲಾನಯನ ಪ್ರದೇಶವನ್ನು ಅಳೆಯಿಸಿದರು. ಎಷ್ಟು ಕೆರೆಗಳಿದ್ದವು, ಎಷ್ಟು ಒಡೆದವು ಎಂಬುದನ್ನು ಎಣಿಸಿದರು. ಪ್ರವಾಹದ ನೀರು ಎಷ್ಟೆತ್ತರಕ್ಕೆ ಬಂದಿತ್ತೆಂಬುದನ್ನು ಗುರುತಿಸಿ, ಹರಿದುಹೋದ ನೀರಿನ ಪ್ರಮಾಣವನ್ನು ಕಂಡುಹಿಡಿದರು. ಹೈದರಾಬಾದು ಸಂಸ್ಥಾನದಲ್ಲಿ ಮಳೆಯ ಲೆಕ್ಕಗಳು ಸಾಕಷ್ಟು ದೊರೆಯದಿದ್ದುದರಿಂದ ಇತರ ಪ್ರಾಂತಗಳ ಲೆಕ್ಕಗಳನ್ನು ತರಿಸಿ ನೋಡಿದರು. ಈ ಅಂಕಿಗಳ ಬಲದಿಂದ ಅವರಿಗೆ ಒಂದು ವಿಷಯ ಸ್ಪಷ್ಟವಾಯಿತು. 1908ರಂಥ ಮಳೆಯು ಮತ್ತೊಮ್ಮೆ ಬರುವುದು ಅಸಂಭವವಲ್ಲ. ಹಾಗೆ ಬಂದಾಗ ಅಷ್ಟು ನೀರನ್ನು ನಗರದ ನಡುವಿನ ಇಕ್ಕಟ್ಟಾದ ಪಾತ್ರದಲ್ಲಿ ಗೋಡೆ ಕಟ್ಟಿ ಸಾಗಿಸುವುದು ಆಗದ ಮಾತು. ಆದುದರಿಂದ ನೀರನ್ನು ನಗರಕ್ಕೆ ಬಂದ ಮೇಲೆ ತಡೆಯುವ ಬದಲು, ಬರುವುದಕ್ಕೆ ಮೊದಲೇ ಮೇಲ್ಗಡೆಯಲ್ಲಿ ತಡೆದು ನಿಲ್ಲಿಸಬೇಕು. ಮೂಸಿಗೆ ಒಂದು, ಈಸಿಗೆ ಒಂದು, ಹೀಗೆ ಎರಡು ದೊಡ್ಡ ಜಲಾಶಯಗಳನ್ನು ನಗರದಿಂದ ಕೆಲವು ಮೈಲಿಗಳ ಮೇಲೆ ನಿರ್ಮಿಸಬೇಕೆಂದು ಅವರು ನಿಶ್ಚಯಿಸಿದರು. ನಗರದೊಳಗೆ ನದಿಯ ದಂಡೆಗಳನ್ನು ಎತ್ತರಿಸಿ ಬಲಪಡಿಸುವುದು, ದಂಡೆಯ ಮೇಲೆ ರಸ್ತೆಗಳನ್ನೂ ಉದ್ಯಾನಗಳನ್ನೂ ಮಾಡುವುದು, ಕೊಳಚೆಯ ನೀರಿಗೆ ಸರಿಯಾದ ಚರಂಡಿಗಳನ್ನು ಹಾಕುವುದು, ಇವೂ ಅವರ ಯೋಜನೆಯಲ್ಲಿ ಸೇರಿದ್ದವು. ಅದೇ ವರ್ಷ ಅಕ್ಟೋಬರ್ 1ರಂದು ಅವರು ತಮ್ಮ ವರದಿಯನ್ನು ಸರ್ಕಾರಕ್ಕೆ ಒಪ್ಪಿಸಿದರು.

ಜಲಾಶಯವು ಪ್ರವಾಹವನ್ನು ತಡೆಯುವ ಬಗೆ ಹೇಗೆ? ಮಹಾಪೂರದಲ್ಲಿ ನೀರು ಎಲ್ಲಾ ಹೊತ್ತಿನಲ್ಲಿಯೂ ಒಂದೇ ಪ್ರಮಾಣದಲ್ಲಿ ಹರಿಯುವುದಿಲ್ಲ. ಅದು ಏರುತ್ತ ಹೋಗಿ, ಕೆಲವು ಗಂಟೆಗಳ ಕಾಲ ತುದಿಯನ್ನು ಮುಟ್ಟಿ, ಬಳಿಕ ಇಳಿಯುತ್ತದೆ. ಊರನ್ನು ಹಾಳುಮಾಡುವುದು ಆ ತುದಿಯ ಕೆಲವು ಗಂಟೆಗಳ ನೀರು. ಜಲಾಶಯದಲ್ಲಿ ಮೊದಲೇ ಬರಿದಾದ ಸ್ಥಳವಿದ್ದರೆ ಆ ಗಂಟೆಗಳ ನೀರನ್ನು ಅದು ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಕೆಳಗಿನ ನದಿಯ ಪಾತ್ರವು ಹಿಡಿಯುವಷ್ಟನ್ನು ಮಾತ್ರ ಬಿಡುತ್ತದೆ. ಮಳೆ ನಿಂತ ಮೇಲೆ ಉಳಿದುದನ್ನು ನಿಧಾನವಾಗಿ ಹೊರಗೆ ಹಾಕಬಹುದು. ಸಂಬಳ ಬಂದ ದಿನವೇ ಎಲ್ಲವನ್ನೂ ಖರ್ಚು ಮಾಡದೆ, ತಿಂಗಳಿಡೀ ಹಂಚಿ ನಡೆಸುವ ಜಾಣ ಗೃಹಿಣಿಯ ರೀತಿ ಇದು. ಸಣ್ಣ ಕೆರೆಯೂ ತನ್ನ ಅಳತೆಗೆ ತಕ್ಕಂತೆ ಇದೇ ಕೆಲಸವನ್ನು ಮಾಡುತ್ತದೆ. ಅದರ ಏರಿಯೂ ಕೋಡಿಯೂ ಸುಸ್ಥಿತಿಯಲ್ಲಿದ್ದರೆ ಅದು ಕೆಳಗಿನ ಊರಿಗೆ ಕಾವಲುಗಾರ. ಕೆಟ್ಟಿದ್ದರೆ ಅದೇ ಅಪಾಯಕ್ಕೆ ಮೂಲ.

ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಪದವಿಗೆ ಕರೆ ಬಂದುದರಿಂದ, 1909ರ ನವೆಂಬರಿನಲ್ಲಿ ವಿಶ್ವೇಶ್ವರಯ್ಯನವರು ಹೈದರಾಬಾದನ್ನು ಬಿಟ್ಟರು. ಯೋಜನೆ ಕಾಗದದಲ್ಲಿತ್ತು, ಕಟ್ಟುವುದು ಇನ್ನೂ ಬಾಕಿಯಿತ್ತು. 1911ರಲ್ಲಿ ನಿಜಾಮರು ಕಾಲವಾದರು. ಅವರ ಮಗ ಮೀರ್ ಉಸ್ಮಾನ್ ಅಲೀ ಖಾನರು ಪಟ್ಟಕ್ಕೆ ಬಂದು ಕೆಲಸವನ್ನು ಮುಂದುವರಿಸಿದರು. ಮೂಸಿಗೆ ಅಡ್ಡಲಾಗಿ ಗಂಡಿಪೇಟೆಯಲ್ಲಿ ಕಟ್ಟಿದ ಜಲಾಶಯವು 1920ರಲ್ಲಿ ಪೂರ್ಣವಾಯಿತು. ಅದೇ ಉಸ್ಮಾನ್ ಸಾಗರ. ಈಸಿಗೆ ಅಡ್ಡಲಾಗಿ ಕಟ್ಟಿದುದು 1927ರಲ್ಲಿ ಮುಗಿಯಿತು. ನಿಜಾಮರ ಹಿರಿಯ ಮಗನ ಹೆಸರಿನಿಂದ ಅದಕ್ಕೆ ಹಿಮಾಯತ್ ಸಾಗರವೆಂದು ಹೆಸರಾಯಿತು. ಈ ಕಾರ್ಯಗಳಲ್ಲಿ ಶ್ರಮಿಸಿದ ನವಾಬ್ ಅಲೀ ನವಾಜ್ ಜಂಗ್ ಬಹಾದ್ದೂರರ ಹೆಸರನ್ನು ಈ ಸಂದರ್ಭದಲ್ಲಿ ಕೃತಜ್ಞತೆಯಿಂದ ನೆನೆಯಬೇಕು. ಯೋಚಿಸಿದವರು ಒಬ್ಬರು, ಕಟ್ಟಿಸಿದವರು ಇನ್ನೊಬ್ಬರು, ಬಿಸಿಲಿನಲ್ಲಿ ಕಲ್ಲುಮಣ್ಣು ಹೊತ್ತವರು ಹೆಸರಿಲ್ಲದ ಸಾವಿರಾರು ಕೂಲಿಕಾರರು. ಪ್ರವಾಹವನ್ನು ತಡೆಯಲೆಂದು ಹುಟ್ಟಿದ ಈ ಜಲಾಶಯಗಳೇ ಮುಂದೆ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ಹಲವು ದಶಕಗಳ ಕಾಲ ಹೈದರಾಬಾದಿನ ಜನರು ಮುಖ್ಯವಾಗಿ ಈ ನೀರನ್ನೇ ಕುಡಿದು ಬೆಳೆದರು.

ಮೈಸೂರಿಗೆ ಹೋದ ವಿಶ್ವೇಶ್ವರಯ್ಯನವರ ಮುಂದಿನ ಜೀವನವು ಕನ್ನಡ ನಾಡಿನ ಇತಿಹಾಸದ ಒಂದು ಭಾಗವೇ ಆಗಿದೆ. 1911ರಲ್ಲಿ ಕಾವೇರಿಗೆ ಕನ್ನಂಬಾಡಿಯ ಕಟ್ಟೆಯ ಕೆಲಸ ಪ್ರಾರಂಭವಾಯಿತು. 1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರಾಗಿದ್ದರು. ಆ ಅವಧಿಯಲ್ಲಿ 1913ರಲ್ಲಿ ಮೈಸೂರು ಬ್ಯಾಂಕೂ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಸ್ಥಾಪಿತವಾದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೂ ಅವರ ಪ್ರಯತ್ನವೇ ಮೂಲ. 1955ರಲ್ಲಿ ಭಾರತ ಸರ್ಕಾರವು ಅವರಿಗೆ ಭಾರತರತ್ನ ಪ್ರಶಸ್ತಿಯನ್ನಿತ್ತು ಗೌರವಿಸಿತು. ನೂರು ವರ್ಷಗಳನ್ನು ದಾಟಿದ ಸಾರ್ಥಕ ಜೀವನವನ್ನು ನಡೆಸಿ, 1962ರ ಏಪ್ರಿಲ್ ತಿಂಗಳಲ್ಲಿ ಅವರು ಬೆಂಗಳೂರಿನಲ್ಲಿ ದಿವಂಗತರಾದರು. ಅವರು ಹುಟ್ಟಿದ ಸೆಪ್ಟೆಂಬರ್ 15ನೆಯ ದಿನವನ್ನು ನಮ್ಮ ದೇಶದಲ್ಲಿ ಎಂಜಿನಿಯರುಗಳ ದಿನವೆಂದು ಆಚರಿಸುವರು.

ಮಹಾಪುರುಷರ ಚರಿತ್ರೆಯನ್ನು ಓದಿ ಕೈಮುಗಿದು ಪುಸ್ತಕವನ್ನು ಮುಚ್ಚಿಬಿಟ್ಟರೆ ಓದಿದ ಫಲವು ದೊರೆಯದು. ವಿಶ್ವೇಶ್ವರಯ್ಯನವರು ಎಣಿಸಿದ ಆ ಕೆರೆಗಳ ಗತಿ ಏನಾಯಿತೆಂದು ನಾವು ಕೇಳಿಕೊಳ್ಳಬೇಕು. ನಗರವು ಬೆಳೆದಂತೆಲ್ಲ ಕೆರೆಗಳ ಅಂಗಳದಲ್ಲಿ ಮನೆಗಳೆದ್ದವು. ಕೋಡಿಯ ನೀರು ಹರಿಯುವ ಕಾಲುವೆಗಳು ಕಿರಿದಾದವು. ಕೆಲವು ಕೆರೆಗಳು ಹೆಸರಿನಲ್ಲಿ ಮಾತ್ರ ಉಳಿದವು. 2020ರ ಅಕ್ಟೋಬರ್ ತಿಂಗಳಲ್ಲಿ ನಗರದ ಮೇಲೆ ಭಾರಿ ಮಳೆ ಸುರಿದಾಗ ಪಲ್ಲೆ ಚೆರುವು, ಗುರ್ರಂ ಚೆರುವು ಎಂಬ ಕೆರೆಗಳ ಏರಿಗಳು ಒಡೆದು, ಹಳೆಯ ನಗರದ ಬಡಾವಣೆಗಳಿಗೆ ನೀರು ನುಗ್ಗಿತು. ಪ್ರಾಣಹಾನಿಯೂ ಆಯಿತು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ತಮ್ಮ ಮೇಲ್ಗಡೆಯಿಂದ ಬರುವ ನೀರನ್ನು ಮಾತ್ರ ತಡೆಯಬಲ್ಲವು. ಅವುಗಳ ಕೆಳಗೆ, ನಗರದೊಳಗೇ ಬೀಳುವ ಮಳೆಗೆ ಸಣ್ಣ ಕೆರೆಗಳೇ ದಿಕ್ಕು. ದೊಡ್ಡ ಕಟ್ಟೆಯಿದೆಯೆಂಬ ಧೈರ್ಯದಿಂದ ಸಣ್ಣ ಏರಿಯನ್ನು ಅಲಕ್ಷ್ಯ ಮಾಡಿದರೆ ಏನಾಗುವುದೆಂಬುದಕ್ಕೆ 1908ರ ಆ 221 ಕೆರೆಗಳೂ 2020ರ ಈ ಕೆರೆಗಳೂ ಸಾಕ್ಷಿಯಾಗಿವೆ.

ನಮ್ಮ ಹಿಂದಿನವರಿಗೆ ಈ ಎಚ್ಚರವಿತ್ತು. ಕಡಪ ಜಿಲ್ಲೆಯ ಪೋರುಮಾಮಿಳ್ಳ ಎಂಬಲ್ಲಿ ವಿಜಯನಗರದ ಕಾಲದ, 1369ನೆಯ ಇಸವಿಯ ಶಾಸನವೊಂದಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಗೆ ಬರುವ ಆರು ದೋಷಗಳನ್ನೂ ಅದರಲ್ಲಿ ಕಲ್ಲಿನ ಮೇಲೆ ಕೆತ್ತಿದ್ದಾರೆ. ಏರಿಯಿಂದ ನೀರು ಜಿನುಗುವುದು ಆ ದೋಷಗಳಲ್ಲಿ ಒಂದು. ಆರು ನೂರು ವರ್ಷಗಳ ಹಿಂದೆ ಕಲ್ಲಿನಲ್ಲಿ ಬರೆದಿಟ್ಟ ಬುದ್ಧಿಯನ್ನು ನಾವು ಮರೆಯುವುದು ಉಚಿತವಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ಎಂಜಿನಿಯರುಗಳಾಗಬಹುದು. ಕೆಲವರು ವ್ಯಾಪಾರಸ್ಥರು, ಗುಮಾಸ್ತರು, ಉಪಾಧ್ಯಾಯರು ಆಗಬಹುದು. ಎಲ್ಲರಿಗೂ ಸಾಧ್ಯವಾದ ಒಂದು ಕೆಲಸವಿದೆ. ನಿಮ್ಮ ಮನೆಯ ಹತ್ತಿರದ ಕೆರೆ ಯಾವುದು, ಅದಕ್ಕೆ ನೀರು ಎಲ್ಲಿಂದ ಬರುತ್ತದೆ, ಅದರ ಕೋಡಿ ಎಲ್ಲಿದೆ, ಕೋಡಿಯ ನೀರು ಯಾವ ದಾರಿಯಲ್ಲಿ ಹರಿದು ಯಾವ ಕೆರೆಯನ್ನು ಸೇರುತ್ತದೆ ಎಂಬುದನ್ನು ವಿಚಾರಿಸಿ ತಿಳಿದುಕೊಳ್ಳಿರಿ. ಅದನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಮಳೆಗಾಲದಲ್ಲಿ ಏರಿಯ ಹತ್ತಿರಕ್ಕೆ ಹೋಗದೆ, ಮಳೆ ನಿಂತ ದಿನಗಳಲ್ಲಿ ಹಿರಿಯರೊಡನೆ ಹೋಗಿ ನೋಡಿ ಬರುವುದು ಒಳ್ಳೆಯದು. ಆ ಕೋಡಿಯ ಬಾಯಿಗೆ ಕಸವನ್ನು ಸುರಿಯುವವರಿದ್ದರೆ ದೊಡ್ಡವರ ಗಮನಕ್ಕೆ ತನ್ನಿರಿ. ವಿಶ್ವೇಶ್ವರಯ್ಯನವರೂ ತಮ್ಮ ಕೆಲಸವನ್ನು ಎಣಿಸುವುದರಿಂದಲೂ ಅಳೆಯುವುದರಿಂದಲೂ ಬರೆದಿಡುವುದರಿಂದಲೂ ಆರಂಭಿಸಿದರು. ನಾವು ಬೇರೆ ನಾಡಿನಿಂದ ಬಂದು ನೆಲೆಸಿದವರಾದರೂ ಈ ನಗರದ ನೀರನ್ನು ಕುಡಿಯುತ್ತಿದ್ದೇವೆ. ಏಳು ತಿಂಗಳು ಮಾತ್ರ ಇಲ್ಲಿದ್ದ ಒಬ್ಬ ಕನ್ನಡಿಗರು ಈ ಊರಿಗೆ ಇಷ್ಟು ಉಪಕಾರ ಮಾಡಿ ಹೋದರು. ಬಾಳಿನುದ್ದಕ್ಕೂ ಇಲ್ಲಿಯೇ ಇರುವ ನಾವು ನಮ್ಮ ಕೈಲಾದಷ್ಟನ್ನು ಮಾಡೋಣ.